ಐನೂರರಲ್ಲಿ ಒಂದು ಬಾಗಿಲು: ದೇಶದ ಆರೋಗ್ಯವನ್ನು ಅಳೆಯುವುದು ಹೇಗೆ?

ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನೂರು ಹೆರಿಗೆಯಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಇಂಥ ಅಂಕಿ ಪೇಪರಿನಲ್ಲಿ ಬಂದಾಗಲೆಲ್ಲ ಓದುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ನ್ಯಾಯವಾದದ್ದೇ: ನಮ್ಮ ಮನೆಗೆ ಯಾರೂ ಬಂದಿಲ್ಲ, ನಮ್ಮ ಬೀದಿಗೂ ಬಂದಿಲ್ಲ, ಹಾಗಾದರೆ ಇದನ್ನೆಲ್ಲ ಎಣಿಸಿದವರು ಯಾರು?

ಎಣಿಸಿದ್ದು 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇಂಗ್ಲಿಷ್ ಅಕ್ಷರಗಳಲ್ಲಿ ಎನ್‌ಎಫ್‌ಎಚ್‌ಎಸ್ ಎನ್ನುತ್ತಾರೆ. 2019ರ ಜುಲೈನಿಂದ ಡಿಸೆಂಬರ್‌ವರೆಗೆ ಅದರ ತಂಡಗಳು ಕರ್ನಾಟಕದಲ್ಲಿ 26,574 ಮನೆಗಳಿಗೆ ಹೋದವು. 2011ರ ಜನಗಣತಿಯ ಲೆಕ್ಕದಲ್ಲಿ ರಾಜ್ಯದಲ್ಲಿದ್ದ ಕುಟುಂಬಗಳು ಸುಮಾರು 1.32 ಕೋಟಿ. ಅಂದರೆ ಐನೂರು ಮನೆಗೆ ಒಂದು ಮನೆ. ಉಳಿದ 499 ಮನೆಗಳ ಬಗ್ಗೆ ಈ ಒಂದು ಮನೆ ಮಾತಾಡಬಹುದೇ? ಆಡಬಹುದು, ಆದರೆ ಅದಕ್ಕೆ ಕೆಲವು ಕಟ್ಟುನಿಟ್ಟಿನ ಷರತ್ತುಗಳಿವೆ.

ಗಣತಿ ಬೇರೆ, ಸಮೀಕ್ಷೆ ಬೇರೆ

ಗಣತಿಯಲ್ಲಿ ಎಲ್ಲರನ್ನೂ ಎಣಿಸುತ್ತಾರೆ. ಸಮೀಕ್ಷೆಯಲ್ಲಿ ಕೆಲವರನ್ನು ಆರಿಸಿ, ಅವರ ಮೂಲಕ ಎಲ್ಲರನ್ನೂ ಅಂದಾಜು ಮಾಡುತ್ತಾರೆ. ನಮ್ಮಲ್ಲಿ ಹೆಸರಿನ ಗೊಂದಲವೂ ಇದೆ. 2025ರ ಸೆಪ್ಟೆಂಬರ್ 22ರಂದು ಕರ್ನಾಟಕದಲ್ಲಿ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಹೆಸರಲ್ಲಿ ‘ಸಮೀಕ್ಷೆ’ ಇದ್ದರೂ ಅದು ಮನೆಮನೆಗೂ ಹೋಗಲು ಹೊರಟದ್ದು, ಸ್ವರೂಪದಲ್ಲಿ ಗಣತಿ. ಆರೋಗ್ಯ ಸಮೀಕ್ಷೆ ಹಾಗಲ್ಲ.

ಎಲ್ಲರನ್ನೂ ಕೇಳಿಬಿಡಬಹುದಲ್ಲ ಎಂದರೆ, ಕೇಳಬೇಕಾದದ್ದು ಹತ್ತಿಪ್ಪತ್ತು ಪ್ರಶ್ನೆಯಲ್ಲ. ಹೆರಿಗೆಯ ಇತಿಹಾಸ, ಮಕ್ಕಳ ಲಸಿಕೆ, ಊಟ, ತಂಬಾಕು, ಮದ್ಯ, ವಿಮೆ, ಕಾಯಿಲೆ ಬಂದರೆ ಹೋಗುವ ಆಸ್ಪತ್ರೆ, ಜೊತೆಗೆ ಎತ್ತರ, ತೂಕ, ರಕ್ತದೊತ್ತಡ, ಬೆರಳಿನ ರಕ್ತ. ಇದಕ್ಕೆ ವಾರಗಟ್ಟಲೆ ತರಬೇತಿ ಪಡೆದವರು ಬೇಕು. ಕೋಟ್ಯಂತರ ಮನೆಗೆ ಅರೆಬರೆ ತರಬೇತಿಯವರನ್ನು ಕಳಿಸಿ ತಪ್ಪು ಅಳತೆ ತರುವುದಕ್ಕಿಂತ, ಕೆಲವೇ ಮನೆಗೆ ಸರಿಯಾದವರನ್ನು ಕಳಿಸುವುದು ಮೇಲು.

ಎಪಿಎಂಸಿಯಲ್ಲಿ ಭತ್ತವೋ ಜೋಳವೋ ಕೊಳ್ಳುವ ವ್ಯಾಪಾರಿ ಚೀಲ ಬಿಚ್ಚಿ ಕಾಳು ಕಾಳು ನೋಡುವುದಿಲ್ಲ. ಚೂಪು ಮೂತಿಯ ಟೊಳ್ಳು ಕೊಳವೆಯನ್ನು ಚೀಲಕ್ಕೆ ಚುಚ್ಚುತ್ತಾನೆ, ಅಂಗೈಗೆ ಬಿದ್ದ ಹಿಡಿ ಕಾಳು ನೋಡಿ ಬೆಲೆ ಹೇಳುತ್ತಾನೆ. ಆದರೆ ಒಂದೇ ಕಡೆ ಚುಚ್ಚಿದರೆ ಮೋಸ ಹೋಗುತ್ತಾನೆ, ಮೇಲೆ ಒಳ್ಳೆಯ ಕಾಳು, ಅಡಿಯಲ್ಲಿ ಮುಗ್ಗಲು ಇರಬಹುದು. ಅದಕ್ಕೇ ಮೇಲೆ, ಮಧ್ಯೆ, ಅಡಿಗೆ, ಬೇರೆ ಬೇರೆ ಚೀಲಕ್ಕೆ ಚುಚ್ಚುತ್ತಾನೆ. ಎಲ್ಲಿ ಚುಚ್ಚಬೇಕು ಎಂದು ಮಾರುವವನು ತೋರಿಸಿದ ಜಾಗದಲ್ಲಿ ಚುಚ್ಚುವುದಿಲ್ಲ. ಆಯ್ಕೆ ಯಾರ ಇಷ್ಟಕ್ಕೂ ಸಿಗಬಾರದು. ಆರೋಗ್ಯ ಸಮೀಕ್ಷೆಯ ನಿಯಮಗಳೆಲ್ಲ ಈ ಒಂದು ಎಚ್ಚರದ ಸುತ್ತ ಕಟ್ಟಿದವು.

ಯಾವ ಸಮೀಕ್ಷೆ ಏನು ಕೇಳುತ್ತದೆ

ದೇಶದಲ್ಲಿ ಒಂದೇ ಆರೋಗ್ಯ ಸಮೀಕ್ಷೆ ಇಲ್ಲ. ದೊಡ್ಡದು ಎನ್‌ಎಫ್‌ಎಚ್‌ಎಸ್. ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು ನಡೆಸುತ್ತದೆ. ಮೊದಲ ಸುತ್ತು 1992-93ರಲ್ಲಿ, ಆಮೇಲೆ 1998-99, 2005-06, 2015-16, 2019-21. ಆರನೆಯದರ ಕ್ಷೇತ್ರಕಾರ್ಯ 2023-24ರದು. ಐದನೇ ಸುತ್ತಿನಲ್ಲಿ 707 ಜಿಲ್ಲೆಗಳ 6,36,699 ಮನೆಗಳಲ್ಲಿ 7,24,115 ಮಹಿಳೆಯರನ್ನೂ 1,01,839 ಪುರುಷರನ್ನೂ ಮಾತಾಡಿಸಿದರು. ಪುರುಷರು ಕಡಿಮೆ ಇರಲು ಕಾರಣವಿದೆ: ಅವರನ್ನು ಕೇಳಿದ್ದು ಆಯ್ದ ಮನೆಗಳ ಪೈಕಿ ಸುಮಾರು ಶೇ 15ರಲ್ಲಿ ಮಾತ್ರ. ಹಾಗಾಗಿ ಪುರುಷರ ಅಂಕಿ ರಾಜ್ಯಮಟ್ಟದಲ್ಲಿ ನಿಲ್ಲುತ್ತದೆ, ಜಿಲ್ಲೆಮಟ್ಟದಲ್ಲಿ ನಿಲ್ಲುವುದಿಲ್ಲ.

ಆಸ್ಪತ್ರೆಗೆ ಎಷ್ಟು ಖರ್ಚಾಯಿತು ಎಂಬುದನ್ನು ಆಳವಾಗಿ ಕೇಳುವುದು ರಾಷ್ಟ್ರೀಯ ಮಾದರಿ ಸಮೀಕ್ಷೆ. 2017ರ ಜುಲೈನಿಂದ 2018ರ ಜೂನ್‌ವರೆಗೆ ನಡೆದ ಅದರ 75ನೇ ಸುತ್ತಿನಲ್ಲಿ, ಒಮ್ಮೆ ಆಸ್ಪತ್ರೆಗೆ ದಾಖಲಾದರೆ (ಹೆರಿಗೆ ಬಿಟ್ಟು) ಸರಾಸರಿ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಎಂದು ಬಂತು. ತಂಬಾಕಿಗೆ ಬೇರೆ ಸಮೀಕ್ಷೆ, 45 ದಾಟಿದವರಿಗೆ ಬೇರೆ, ಸಕ್ಕರೆ ಕಾಯಿಲೆ, ಬಿಪಿಗಳ ಅಪಾಯಕಾರಿ ಅಭ್ಯಾಸಗಳಿಗೆ ಬೇರೆ. ಈ ಕೊನೆಯದನ್ನು 2017-18ರಲ್ಲಿ ಮುನ್ನಡೆಸಿದ್ದು ಬೆಂಗಳೂರಿನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ. 12 ರಾಜ್ಯಗಳ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು 2015-16ರಲ್ಲಿ ನಿಮ್ಹಾನ್ಸ್ ಮಾಡಿತು. ಇನ್ನೂ ಹಿಂದಕ್ಕೆ ಹೋದರೆ, 1951-52ರಲ್ಲೇ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಆಗಿನ ಮೈಸೂರು ರಾಜ್ಯದಲ್ಲಿ ಮನೆಮನೆ ಜನಸಂಖ್ಯಾ ಅಧ್ಯಯನ ನಡೆಸಿದ್ದವು. ಈ ವಿದ್ಯೆಗೆ ನಮ್ಮ ನೆಲ ಹೊಸದಲ್ಲ.

ನಿಮ್ಮ ಮನೆ ಆಯ್ಕೆಯಾಗುವ ಬಗೆ

ಎನ್‌ಎಫ್‌ಎಚ್‌ಎಸ್ ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ: ಮೊದಲು ಊರು, ಆಮೇಲೆ ಮನೆ.

ಐದನೇ ಸುತ್ತಿನಲ್ಲಿ ಊರುಗಳ ಪಟ್ಟಿ ಬಂದದ್ದು 2011ರ ಜನಗಣತಿಯಿಂದ. ಪ್ರತಿ ಜಿಲ್ಲೆಯನ್ನು ಹಳ್ಳಿ, ಪಟ್ಟಣ ಎಂದು ವಿಂಗಡಿಸುತ್ತಾರೆ. ಪಟ್ಟಣದಲ್ಲಿ ‘ಊರು’ ಎಂದರೆ ಜನಗಣತಿಯವರು ಗುರುತಿಸಿದ ಒಂದು ಬ್ಲಾಕ್. ಚೀಟಿ ಎತ್ತುವಾಗ ದೊಡ್ಡ ಊರಿಗೆ ಹೆಚ್ಚು ಅವಕಾಶ, ಸಣ್ಣ ಊರಿಗೆ ಕಡಿಮೆ. ಇದು ಅನ್ಯಾಯ ಎನಿಸಬಹುದು, ಲೆಕ್ಕ ಹಾಕಿ ನೋಡಿ. ಸಾವಿರ ಮನೆಯ ಊರು ಆಯ್ಕೆಯಾಗುವ ಸಾಧ್ಯತೆ ನೂರು ಮನೆಯ ಊರಿಗಿಂತ ಹತ್ತು ಪಟ್ಟು. ಆದರೆ ಎರಡೂ ಊರಿನಿಂದ ತೆಗೆಯುವುದು 22 ಮನೆ ಮಾತ್ರ. ದೊಡ್ಡ ಊರಿನಲ್ಲಿ ಒಂದು ಮನೆಯ ಪಾಲಿಗೆ ಬರುವುದು ಸಾವಿರಕ್ಕೆ 22, ಸಣ್ಣ ಊರಿನಲ್ಲಿ ನೂರಕ್ಕೆ 22. ಒಂದು ಕಡೆ ಹತ್ತು ಪಟ್ಟು ಹೆಚ್ಚು, ಇನ್ನೊಂದು ಕಡೆ ಹತ್ತು ಪಟ್ಟು ಕಡಿಮೆ. ಎರಡನ್ನೂ ಗುಣಿಸಿದರೆ ದೊಡ್ಡೂರಿನ ಮನೆಗೂ ಸಣ್ಣೂರಿನ ಮನೆಗೂ ಅವಕಾಶ ಸಮ.

ಸಂದರ್ಶಕರಿಗಿಂತ ಮುಂಚೆ ಪಟ್ಟಿ ಮಾಡುವವರು ಊರಿಗೆ ಬರುತ್ತಾರೆ. ಒಬ್ಬರು ನಕ್ಷೆ ಬರೆಯುತ್ತಾರೆ, ಇನ್ನೊಬ್ಬರು ಮನೆಗಳಿಗೆ ನಂಬರು ಹಾಕಿ ಪಟ್ಟಿ ಮಾಡುತ್ತಾರೆ. ತೋಟದ ಮನೆ, ಗುಡಿಸಲು, ಅಂಗಡಿ ಹಿಂದಿನ ಕೋಣೆ, ಮಹಡಿ ಮೇಲಿನ ಬಾಡಿಗೆ ಮನೆ, ಎಲ್ಲವೂ ಪಟ್ಟಿಗೆ ಬರಬೇಕು. ಇಲ್ಲಿ ಬಿಟ್ಟುಹೋದ ಮನೆಗೆ ಮುಂದೆ ಯಾವ ಅವಕಾಶವೂ ಇಲ್ಲ. ಬಿಟ್ಟುಹೋಗುವುದು ಸಾಮಾನ್ಯವಾಗಿ ಊರ ಅಂಚಿನ ಮನೆಗಳೇ, ಅಲ್ಲಿರುವವರು ಬಡವರು. ನನ್ನ ಪ್ರಕಾರ ಇಡೀ ಸಮೀಕ್ಷೆಯಲ್ಲಿ ಯಾರ ಕಣ್ಣಿಗೂ ಬೀಳದ, ಆದರೆ ಅತಿ ಮುಖ್ಯವಾದ ಕೆಲಸ ಇದು. ಊರು 300 ಮನೆ ಮೀರಿದರೆ ಅದನ್ನು ಭಾಗ ಮಾಡಿ ಎರಡು ಭಾಗವನ್ನಷ್ಟೇ ಆರಿಸಿ ಪಟ್ಟಿ ಮಾಡುತ್ತಾರೆ.

ಪಟ್ಟಿಯಲ್ಲಿ 132 ಮನೆ ಇವೆ ಎಂದುಕೊಳ್ಳಿ. 22ರಿಂದ ಭಾಗಿಸಿದರೆ 6. ಒಂದರಿಂದ ಆರರೊಳಗೆ ಒಂದು ಸಂಖ್ಯೆಯನ್ನು ಚೀಟಿಯಂತೆ ಎತ್ತುತ್ತಾರೆ. 4 ಬಂತು ಅನ್ನಿ. ಆಗ 4, 10, 16, 22 ಹೀಗೆ ಆರು ಆರು ಬಿಟ್ಟು 22 ಮನೆ. ಪಂಚಾಯಿತಿ ಸದಸ್ಯರ ಮನೆ ಬರಲಿ ಬಿಡಲಿ, ‘ಆ ಮನೆಗೆ ಹೋಗಿ, ಚೆನ್ನಾಗಿ ಮಾತಾಡ್ತಾರೆ’ ಎಂದು ಯಾರೇ ಹೇಳಲಿ, ಪಟ್ಟಿ ಬದಲಾಗುವುದಿಲ್ಲ.

ಬೀಗ ಹಾಕಿದ್ದರೆ ಪಕ್ಕದ ಮನೆಗೆ ಯಾಕೆ ಹೋಗುವುದಿಲ್ಲ?

ಹಗಲು ಹನ್ನೊಂದಕ್ಕೆ ಬೀಗ ಹಾಕಿರುವ ಮನೆಯವರು ಯಾರು? ಕೂಲಿಗೆ ಹೋದವರು, ಗಾರ್ಮೆಂಟ್ಸ್‌ಗೆ ಹೋದವರು, ಗಂಡ ಹೆಂಡತಿ ಇಬ್ಬರೂ ದುಡಿಯುವವರು. ತೆರೆದಿರುವ ಪಕ್ಕದ ಮನೆಯಲ್ಲಿ ಸಿಗುವವರು ಗೃಹಿಣಿಯರು, ವಯಸ್ಸಾದವರು, ಹುಷಾರಿಲ್ಲದೆ ಮನೆಯಲ್ಲಿ ಉಳಿದವರು. ಒಂದಕ್ಕೆ ಬದಲು ಇನ್ನೊಂದು ಹಿಡಿದರೆ ದುಡಿಯುವವರ ಆರೋಗ್ಯ ಲೆಕ್ಕದಿಂದಲೇ ಜಾರಿಹೋಗುತ್ತದೆ. ಆದ್ದರಿಂದ ಬದಲಿ ಮನೆ ಎಂಬುದೇ ಇಲ್ಲ. ಬೆಳಿಗ್ಗೆ, ಸಂಜೆ, ಮತ್ತೊಂದು ದಿನ, ಹೀಗೆ ಮತ್ತೆ ಮತ್ತೆ ಬರುತ್ತಾರೆ. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯುತ್ತಾರೆ. ಐದನೇ ಸುತ್ತಿನಲ್ಲಿ ದೇಶದಾದ್ಯಂತ ಶೇ 98ರಷ್ಟು ಮನೆಗಳು ಉತ್ತರ ಕೊಟ್ಟವು. ಮಹಿಳೆಯರಲ್ಲಿ ಶೇ 97, ಪುರುಷರಲ್ಲಿ ಶೇ 92. ಪುರುಷರ ಕೊರತೆಗೆ ಕಾರಣ ಬಹುಮಟ್ಟಿಗೆ ನಿರಾಕರಣೆಯಲ್ಲ, ಮನೆಯಲ್ಲಿ ಇಲ್ಲದಿರುವುದು.

ಪ್ರಶ್ನೆ ಕೇಳುವುದರಲ್ಲಿದೆ ಉತ್ತರ

‘ನೀವು ತಂಬಾಕು ಬಳಸುತ್ತೀರಾ?’ ಎಂದು ಕೇಳಿ ನೋಡಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿ ‘ಇಲ್ಲಪ್ಪ’ ಅನ್ನುತ್ತಾರೆ. ಅವರ ಪಾಲಿಗೆ ತಂಬಾಕು ಎಂದರೆ ಬೀಡಿ, ಸಿಗರೇಟು. ಕಡ್ಡಿಪುಡಿ ಹಾಕುವವರೂ ಅಷ್ಟೇ. ಅದಕ್ಕೇ ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪಿನ ಎಲೆಅಡಿಕೆ ಎಂದು ಒಂದೊಂದಾಗಿ ಹೆಸರು ಹೇಳಿ ಕೇಳಬೇಕು. ಐದನೇ ಎನ್‌ಎಫ್‌ಎಚ್‌ಎಸ್‌ನ ಪ್ರಶ್ನಾವಳಿಯನ್ನು 18 ಭಾಷೆಗಳಲ್ಲಿ ಸಿದ್ಧಪಡಿಸಿದ್ದರು. ಪುಸ್ತಕದ ಕನ್ನಡದಲ್ಲಿ ಸರಿಯಾದ ಪದ ಮನೆಯ ಮಾತಿನಲ್ಲಿ ತಪ್ಪು ಉತ್ತರ ತರಬಹುದು.

ನೆನಪಿನದು ಇನ್ನೊಂದು ಕಷ್ಟ. ಸಣ್ಣ ಕಾಯಿಲೆ ಬೇಗ ಮರೆತುಹೋಗುತ್ತದೆ, ಆಸ್ಪತ್ರೆ ಸೇರಿದ್ದು ಮರೆಯುವುದಿಲ್ಲ. ಹೀಗಾಗಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಕಾಯಿಲೆಯ ಬಗ್ಗೆ ಹಿಂದಿನ 15 ದಿನ, ಆಸ್ಪತ್ರೆ ವಾಸದ ಬಗ್ಗೆ ಹಿಂದಿನ 365 ದಿನ ಕೇಳುತ್ತದೆ. ಅದರಲ್ಲೂ ಹದಿನಾಲ್ಕು ತಿಂಗಳ ಹಿಂದಿನ ಆಪರೇಷನ್ ‘ಹೋದ ವರ್ಷದ್ದು’ ಎಂದು ನೆನಪಾಗಿ ಒಳಗೆ ನುಸುಳುತ್ತದೆ. ‘ದಸರಾ ಮುಂಚೆಯೋ ಆಮೇಲೋ?’ ಎಂದು ಕೇಳಿದರೆ ತಿಂಗಳು ಸರಿಯಾಗಿ ಸಿಗುತ್ತದೆ.

‘ಹುಷಾರಿಲ್ಲದವರು ಎಷ್ಟು?’ ಎಂಬ ಅಂಕಿಯನ್ನು ಓದುವಾಗ ವಿಶೇಷ ಎಚ್ಚರ ಬೇಕು. 75ನೇ ಸುತ್ತಿನಲ್ಲಿ ಹಿಂದಿನ 15 ದಿನಗಳಲ್ಲಿ ಕಾಯಿಲೆ ಬಿದ್ದೆವು ಎಂದವರು ದೇಶದಲ್ಲಿ ಶೇ 7.5. ರಾಜ್ಯಗಳ ಪೈಕಿ ಬಹಳ ಮೇಲೆ ನಿಂತದ್ದು ಕೇರಳ. ಕೇರಳದವರು ಎಲ್ಲರಿಗಿಂತ ರೋಗಿಷ್ಠರೇ? ಅಲ್ಲ. ಅಲ್ಲಿ ವಯಸ್ಸಾದವರು ಹೆಚ್ಚು, ಓದಿದವರು ಹೆಚ್ಚು, ಡಾಕ್ಟರು ಹತ್ತಿರ. ಬಿಪಿ ಇದೆ ಎಂದು ಗೊತ್ತಿದ್ದವರು ತಾನೇ ಅದನ್ನು ಹೇಳುವುದು. ಪರೀಕ್ಷೆಯೇ ಆಗದ ಊರಿನಲ್ಲಿ ಎಲ್ಲರೂ ‘ಆರೋಗ್ಯವಾಗಿದ್ದೇವೆ’ ಎನ್ನುತ್ತಾರೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ತಿರುವುಮುರುವನ್ನು ಬಹಳ ಹಿಂದೆಯೇ ತೋರಿಸಿದ್ದರು. ಆದ್ದರಿಂದಲೇ ಬರೀ ಕೇಳಿದರೆ ಸಾಲದು, ಅಳೆಯಲೂ ಬೇಕು.

ಗೃಹಹಿಂಸೆಯ ಪ್ರಶ್ನೆಗಳಿಗೆ ನಿಯಮವೇ ಬೇರೆ. ಒಂದು ಮನೆಯಲ್ಲಿ ಒಬ್ಬ ಮಹಿಳೆಯನ್ನು ಮಾತ್ರ ಕೇಳುತ್ತಾರೆ. ಇನ್ನೊಬ್ಬರಿಗೆ ಆ ಪ್ರಶ್ನೆಗಳಿವೆ ಎಂಬುದೇ ತಿಳಿಯಬಾರದು, ಇಲ್ಲವಾದರೆ ಉತ್ತರ ಕೊಟ್ಟವಳಿಗೆ ರಾತ್ರಿ ಅದರ ಬೆಲೆ ಕಟ್ಟಬೇಕಾಗಬಹುದು. ಪಕ್ಕದಲ್ಲಿ ಯಾರೂ ಇರಬಾರದು. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಟ್ಟುಬಿಡುತ್ತಾರೆ.

ಒಂದು ತಿಂಗಳು, ಒಂದು ಸೆಂಟಿಮೀಟರ್, ಒಂದು ಹನಿ

ಮಗುವಿನ ಬೆಳವಣಿಗೆ ಕುಂಠಿತವಾಗಿದೆಯೇ ಎಂದು ತಿಳಿಯಲು ಎರಡು ಅಂಕಿ ಬೇಕು: ಎತ್ತರ ಮತ್ತು ತಿಂಗಳಲ್ಲಿ ವಯಸ್ಸು. 84 ಸೆಂ.ಮೀ. ಎತ್ತರದ ಗಂಡುಮಗು ಎಂದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ 24 ತಿಂಗಳಿಗೆ ಕನಿಷ್ಠ ಗೆರೆ 81 ಸೆಂ.ಮೀ., ಮಗು ಪಾಸು. ಆದರೆ ಆ ಮಗುವಿಗೆ ನಿಜವಾಗಿ 30 ತಿಂಗಳಾಗಿದ್ದರೆ ಗೆರೆ 85.1 ಸೆಂ.ಮೀ., ಅದೇ ಮಗು ಈಗ ಕುಂಠಿತ. ‘ಎರಡು ವರ್ಷ ಆಗಿರಬೇಕು’ ಎಂಬ ಅಂದಾಜಿನ ಮಾತು ಫಲಿತಾಂಶವನ್ನೇ ತಲೆಕೆಳಗು ಮಾಡುತ್ತದೆ. ತಾಯಿ ಕಾರ್ಡ್ ಅಥವಾ ಜನನ ಪತ್ರ ತೋರಿಸಿ ಎಂದು ಅವರು ಪಟ್ಟುಹಿಡಿಯುವುದು ಅದಕ್ಕೇ.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ. ಒಂದೇ ಮಗು ಮಲಗಿದಾಗ ನಿಂತದ್ದಕ್ಕಿಂತ ಸುಮಾರು 0.7 ಸೆಂ.ಮೀ. ಉದ್ದ ಬರುತ್ತದೆ. ಅಳೆಯಲು ಇಬ್ಬರು ಬೇಕು, ಒಬ್ಬರು ತಲೆ ಹಿಡಿಯಲು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದ ಹಲಗೆಗೆ ತಾಗಿಸಲು. ಅಳುವ ಮಗು ಮಂಡಿ ಮಡಚಿದರೆ ಎರಡು ಸೆಂ.ಮೀ. ಮಾಯ. ಜುಟ್ಟು ಬಿಚ್ಚದಿದ್ದರೆ ಎರಡು ಸೆಂ.ಮೀ. ಹೆಚ್ಚು.

ಸಂದರ್ಶಕರ ಕಡೆಯಿಂದಲೂ ತಪ್ಪು ಬರುತ್ತದೆ. 15ರಿಂದ 49ರ ಮಹಿಳೆಯರಿಗೆ ಮಾತ್ರ ಉದ್ದದ ಸಂದರ್ಶನ. ದಣಿದ ಸಂದರ್ಶಕಿ 15ರ ಹುಡುಗಿಯನ್ನು 14 ಎಂದೋ, 49ರವರನ್ನು 50 ಎಂದೋ ಬರೆದರೆ ಒಂದಿಡೀ ಪ್ರಶ್ನಾವಳಿ ಉಳಿಯುತ್ತದೆ. ಇದನ್ನು ಹಿಡಿಯುವುದು ಕಷ್ಟವಲ್ಲ. ಒಂದು ತಂಡದ ದಾಖಲೆಯಲ್ಲಿ 14ರವರು ವಿಪರೀತ, 15ರವರು ಬೆರಳೆಣಿಕೆ ಎಂದರೆ ಮೇಲ್ವಿಚಾರಕರಿಗೆ ವಾಸನೆ ಬಡಿಯುತ್ತದೆ. ಟ್ಯಾಬ್‌ನಿಂದ ದತ್ತಾಂಶ ಬಂದಂತೆಲ್ಲ ಇಂಥ ಪಟ್ಟಿ ತಯಾರಾಗುತ್ತದೆ, ತಂಡವನ್ನು ವಾಪಸು ಕಳಿಸಲಾಗುತ್ತದೆ.

ಇನ್ನು ರಕ್ತದ ಹನಿ. ಬೆರಳ ತುದಿಯ ಬದಿಗೆ ಚುಚ್ಚಿ, ಮೊದಲ ಎರಡು ಹನಿ ಒರೆಸಿ, ತಾನಾಗಿ ಮೂಡಿದ ಮೂರನೆಯದನ್ನು ಸಣ್ಣ ಪ್ಲಾಸ್ಟಿಕ್ ಕುಪ್ಪಿಗೆ ಒಂದೇ ಸಲ ತುಂಬಿಸಬೇಕು. 6ರಿಂದ 11 ತಿಂಗಳ ಕೂಸಿಗೆ ಬೆರಳಲ್ಲ, ಹಿಮ್ಮಡಿ. ಹನಿ ಬರಲಿಲ್ಲವೆಂದು ಬೆರಳು ಹಿಂಡಿದರೆ ಅಂಗಾಂಶದ ನೀರು ಸೇರಿ ರಕ್ತ ತೆಳುವಾಗುತ್ತದೆ, ಹಿಮೋಗ್ಲೋಬಿನ್ ಕಡಿಮೆ ತೋರಿಸುತ್ತದೆ. ಗಾಳಿಗುಳ್ಳೆ ಸೇರಿದರೆ, ಕುಪ್ಪಿಗೆ ತೇವ ತಾಗಿದರೆ ಅಂಕಿ ಕೆಡುತ್ತದೆ. ನೂರು ಮಿ.ಲೀ. ರಕ್ತದಲ್ಲಿ ಇಷ್ಟಕ್ಕಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ ಎಂಬ ಮಿತಿಗಳು ಹೀಗಿವೆ: ಐದು ವರ್ಷದೊಳಗಿನ ಮಕ್ಕಳು ಮತ್ತು ಗರ್ಭಿಣಿಯರಿಗೆ 11 ಗ್ರಾಂ, ಇತರ ಮಹಿಳೆಯರಿಗೆ 12, ಪುರುಷರಿಗೆ 13. 11.9ಕ್ಕೂ 12.1ಕ್ಕೂ ನಡುವೆ ಇರುವುದು ಒಂದು ಹಿಂಡಿದ ಬೆರಳು ಅಷ್ಟೇ. ಮಡಿಕೇರಿಯಂಥ, ಸಾವಿರ ಮೀಟರ್ ಮೀರಿದ ಊರುಗಳಲ್ಲಿ ಎತ್ತರದ ಗಾಳಿಗೆ ಹಿಮೋಗ್ಲೋಬಿನ್ ಸ್ವಾಭಾವಿಕವಾಗಿ ಏರುವುದರಿಂದ ಆ ಏರಿಕೆಯನ್ನು ಕಳೆದೇ ಲೆಕ್ಕ ಹಾಕುತ್ತಾರೆ.

ಈ ಹನಿಯ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. 2015-16ರ ಎನ್‌ಎಫ್‌ಎಚ್‌ಎಸ್ ಬೆರಳ ರಕ್ತದಲ್ಲಿ, 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 58.6ರಷ್ಟು ರಕ್ತಹೀನತೆ ಕಂಡಿತು. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿದಾಗ 1ರಿಂದ 4 ವರ್ಷದವರಲ್ಲಿ ಕಂಡದ್ದು ಶೇ 41. ವಯಸ್ಸಿನ ಗುಂಪು ಸ್ವಲ್ಪ ಬೇರೆ, ಆದರೂ ಅಂತರ ದೊಡ್ಡದು. ಆರನೇ ಸುತ್ತಿನಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಕೈಬಿಟ್ಟರು. ಆ ಕೆಲಸವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೇರೊಂದು ಸಮೀಕ್ಷೆಗೆ, ತೋಳಿನ ರಕ್ತದ ವಿಧಾನಕ್ಕೆ, ಒಪ್ಪಿಸಿದರು. ಮುಂದೆ ರಕ್ತಹೀನತೆಯ ಅಂಕಿ ಇಳಿದು ಬಂದರೆ ಮೊದಲು ಕೇಳಬೇಕಾದ್ದು: ರಕ್ತ ತೆಗೆದದ್ದು ಎಲ್ಲಿಂದ?

ಕೊಡಗು ಮತ್ತು ಬೆಂಗಳೂರಿಗೆ ಒಂದೇ ತೂಕವೇ?

ಪ್ರತಿ ಜಿಲ್ಲೆಗೂ ಹೆಚ್ಚುಕಡಿಮೆ ಸಮನಾದ ಮನೆಗಳು, ಕರ್ನಾಟಕದಲ್ಲಿ ಸರಾಸರಿ 886. ಆದರೆ 2011ರಲ್ಲಿ ಕೊಡಗಿನ ಜನ 5.5 ಲಕ್ಷ, ಬೆಂಗಳೂರು ನಗರ ಜಿಲ್ಲೆಯವರು 96 ಲಕ್ಷ. ಹಾಗೇ ಕೂಡಿಸಿದರೆ ರಾಜ್ಯದ ಅಂಕಿಯಲ್ಲಿ ಕೊಡಗಿನ ದನಿ ಬೆಂಗಳೂರಿನಷ್ಟೇ ಜೋರಾಗುತ್ತದೆ. ಆದ್ದರಿಂದ ರಾಜ್ಯದ ಲೆಕ್ಕಕ್ಕೆ ಬೆಂಗಳೂರಿನ ಒಂದು ಮನೆಗೆ ಕೊಡಗಿನ ಒಂದು ಮನೆಗಿಂತ ಸುಮಾರು 17 ಪಟ್ಟು ತೂಕ ಕೊಡುತ್ತಾರೆ.

ಪೇಪರಿನಲ್ಲಿ ಅಂಕಿ ಬಂದಾಗ

ಎಲ್ಲ ಸಮೀಕ್ಷೆಯ ಅಂಕಿಯ ಹಿಂದೆಯೂ ‘ಇಷ್ಟು ಆಚೆ ಈಚೆ’ ಎಂಬ ಅಂತರವಿದೆ. ರಾಜ್ಯದ ಮೂವತ್ತು ಸಾವಿರ ಮಹಿಳೆಯರ ಅಂಕಿಗೆ ಅದು ಸುಮಾರು ಒಂದು ಪಾಯಿಂಟ್. ಹಾಗಾಗಿ ಮಹಿಳೆಯರ ರಕ್ತಹೀನತೆ ನಾಲ್ಕನೇ ಸುತ್ತಿನ ಶೇ 44.8ರಿಂದ ಐದನೇ ಸುತ್ತಿನಲ್ಲಿ ಶೇ 47.8ಕ್ಕೆ ಏರಿದ್ದನ್ನು ಬರೀ ಆಕಸ್ಮಿಕ ಎಂದು ತಳ್ಳಿಹಾಕಲಾಗದು. ಜಿಲ್ಲೆಯ ಲಸಿಕೆ ಅಂಕಿಯ ಕಥೆ ಬೇರೆ. 886 ಮನೆಯಲ್ಲಿ ನಾಲ್ಕು ನಾಲ್ಕು ಜನ ಎಂದರೂ ಸುಮಾರು 3,500 ಮಂದಿ. ಸಾವಿರಕ್ಕೆ ವರ್ಷಕ್ಕೆ ಹದಿನಾರು ಹದಿನೇಳು ಹೆರಿಗೆ ಎಂದುಕೊಂಡರೆ 12ರಿಂದ 23 ತಿಂಗಳ ಮಕ್ಕಳು ಸಿಗುವುದು 60ರ ಆಸುಪಾಸು. 60 ಮಕ್ಕಳ ಮೇಲೆ ನಿಂತ ಶೇ 84 ಎಂಬ ಅಂಕಿಗೆ ಅಂತರ 9 ಪಾಯಿಂಟ್. ಒಂದೇ ಊರಿನ ಮಕ್ಕಳಿಗೆ ಒಂದೇ ಅಂಗನವಾಡಿ, ಒಬ್ಬರೇ ಆಶಾ ಕಾರ್ಯಕರ್ತೆ ಇರುವುದರಿಂದ ಅದು ಇನ್ನೂ ಹಿಗ್ಗುತ್ತದೆ. ‘ಪಕ್ಕದ ಜಿಲ್ಲೆ ನಮ್ಮನ್ನು ಐದು ಪಾಯಿಂಟ್ ಹಿಂದಿಕ್ಕಿತು’ ಎಂಬ ತಲೆಬರಹಕ್ಕೆ ಬುಡವಿಲ್ಲ. ಜಿಲ್ಲಾ ಫ್ಯಾಕ್ಟ್‌ಶೀಟಿನಲ್ಲಿ ಅಂಕಿ ಆವರಣದೊಳಗಿದ್ದರೆ ಅದು 25ರಿಂದ 49 ಜನರ ಮೇಲೆ ನಿಂತದ್ದು. ಬರೀ ನಕ್ಷತ್ರ ಚಿಹ್ನೆ ಇದ್ದರೆ 25ಕ್ಕಿಂತ ಕಡಿಮೆ, ಅದಕ್ಕೇ ಮುದ್ರಿಸಿಲ್ಲ.

2021ರಲ್ಲಿ ‘ದೇಶದಲ್ಲಿ ಸಾವಿರ ಪುರುಷರಿಗೆ 1,020 ಮಹಿಳೆಯರು’ ಎಂಬ ಸುದ್ದಿ ಎಲ್ಲೆಡೆ ಓಡಾಡಿತು. ಆ ಎಣಿಕೆ ಹಿಂದಿನ ರಾತ್ರಿ ಮನೆಯಲ್ಲಿ ಮಲಗಿದ್ದವರದು. ದುಡಿಯಲು ಹೋಗಿ ಶೆಡ್ಡಿನಲ್ಲಿ, ಹಾಸ್ಟೆಲಿನಲ್ಲಿ, ಸೇನೆಯ ಬ್ಯಾರಕ್ಕಿನಲ್ಲಿ ಮಲಗಿದವರು ಅದರಲ್ಲಿಲ್ಲ, ಅವರಲ್ಲಿ ಹೆಚ್ಚಿನವರು ಗಂಡಸರು. ಅದೇ ಸಮೀಕ್ಷೆಯಲ್ಲಿ ಹುಟ್ಟಿನ ಲಿಂಗಾನುಪಾತ ಸಾವಿರಕ್ಕೆ 929. ಅದು ತಲೆಬರಹವಾಗಲಿಲ್ಲ.

ಎರಡು ಸುತ್ತುಗಳನ್ನು ಹೋಲಿಸುವಾಗ ಗಡಿ ನೋಡಿ. ಐದನೇ ಸುತ್ತಿನಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ, ವಿಜಯನಗರ ಆಗ ಬಳ್ಳಾರಿಯೊಳಗೇ ಇತ್ತು. ಕಾಲವನ್ನೂ ನೋಡಿ. ಕರ್ನಾಟಕದ ಕೆಲಸ ಕೋವಿಡ್‌ಗೆ ಮುಂಚೆ ಮುಗಿದಿತ್ತು, ಹಲವು ರಾಜ್ಯಗಳದು ಲಾಕ್‌ಡೌನಿಗೆ ಸಿಕ್ಕಿ 2021ರ ಏಪ್ರಿಲ್‌ವರೆಗೆ ಎಳೆಯಿತು. ರಕ್ತದ ಸಕ್ಕರೆಯ ಅಂಕಿಯೂ ರೋಗನಿರ್ಣಯವಲ್ಲ. ಊಟ ಆಗಿರಲಿ ಬಿಡಲಿ ಆ ಗಳಿಗೆಯಲ್ಲಿ 140 ಮೀರಿತ್ತು ಎಂದಷ್ಟೇ ಅರ್ಥ.

ನಿಮ್ಮ ಮನೆಗೇ ಬಂದರೆ

ಗುರುತಿನ ಚೀಟಿ ಕೇಳಿ. ಸಮೀಕ್ಷೆಯ ಉದ್ದೇಶ ಓದಿಹೇಳಿ ಒಪ್ಪಿಗೆ ಪಡೆಯುವುದು ಅವರ ಕರ್ತವ್ಯ. ಪೂರ್ತಿ ನಿರಾಕರಿಸಬಹುದು, ಯಾವುದೋ ಒಂದು ಪ್ರಶ್ನೆಯನ್ನು ಬಿಡಬಹುದು, ಮಾತಾಡಿ ರಕ್ತ ಮಾತ್ರ ಬೇಡ ಎನ್ನಬಹುದು. ಓಟಿಪಿ, ಪಿನ್, ಹಣ ಯಾವ ಆರೋಗ್ಯ ಸಮೀಕ್ಷೆಯೂ ಕೇಳುವುದಿಲ್ಲ, ಕೇಳಿದರೆ ಅವರು ಸಮೀಕ್ಷೆಯವರಲ್ಲ. ಸಂಶೋಧಕರ ಕೈಗೆ ಹೋಗುವ ದತ್ತಾಂಶದಲ್ಲಿ ಹೆಸರಿರುವುದಿಲ್ಲ. ಊರಿನ ನಕ್ಷೆಬಿಂದುವನ್ನೂ ಬೇಕೆಂದೇ ಸರಿಸಿರುತ್ತಾರೆ, ಪಟ್ಟಣದಲ್ಲಿ 2 ಕಿ.ಮೀ.ವರೆಗೆ, ಹಳ್ಳಿಯಲ್ಲಿ ಸಾಮಾನ್ಯವಾಗಿ 5 ಕಿ.ಮೀ.ವರೆಗೆ.

ತಾಯಿ ಕಾರ್ಡ್, ಮಕ್ಕಳ ಲಸಿಕೆ ಕಾರ್ಡ್, ನುಂಗುವ ಮಾತ್ರೆಗಳ ಚೀಟಿ ಕೈಗೆಟುಕುವಂತೆ ಇಟ್ಟುಕೊಳ್ಳಿ. ಬಿಪಿ ಮೂರು ಸಲ ನೋಡುತ್ತಾರೆ, ಪ್ರತಿ ಸಲಕ್ಕೂ ನಡುವೆ ಐದು ನಿಮಿಷ. ಅದಕ್ಕೂ ಅರ್ಧ ಗಂಟೆ ಮುಂಚೆ ಕಾಫಿ, ಟೀ, ತಂಬಾಕು ಏನಾದರೂ ಆಗಿದ್ದರೆ ಹೇಳಿ, ಆ ಪ್ರಶ್ನೆ ಅವರ ಪಟ್ಟಿಯಲ್ಲೇ ಇದೆ. ಕೊನೆಗೆ ನಿಮ್ಮ ಬಿಪಿ, ಸಕ್ಕರೆಯ ಫಲಿತಾಂಶವನ್ನು ಬರೆದು ನಿಮ್ಮ ಕೈಗೆ ಕೊಡಬೇಕು. ಅಂಕಿ ಅಪಾಯದ ಮಟ್ಟದಲ್ಲಿದ್ದರೆ ಆಸ್ಪತ್ರೆಗೆ ತೋರಿಸಲು ಚೀಟಿಯನ್ನೂ ಕೊಡಬೇಕು. ಆ ಕಾಗದ ಕೇಳಿ ಪಡೆಯಿರಿ.